ಕೊಲ್ಲಾರಿ ಬಂಡಿಯ ಸಂಸಾರ

ಮನೆಯನ್ನು ಗಾಲಿಯ ಮೇಲೆ ಇಟ್ಟುಕೊಂಡು, ಗಂಡಹೆಂಡಿರಿಬ್ಬರೇ ಊರು ಬಿಟ್ಟು ಹೊರಟು, ಒಂದು ಸರೋವರದ ದಂಡೆಯಲ್ಲಿ ಎರಡು ರಾತ್ರಿ, ಇನ್ನೊಂದರ ದಂಡೆಯಲ್ಲಿ ಮೂರು ರಾತ್ರಿ ಇಳಿದು, ಮನಸ್ಸು ಬಂದಾಗ ಮುಂದಕ್ಕೆ ಸಾಗುವ ಒಂದು ಬಗೆಯ ಪ್ರವಾಸವು ಅಮೆರಿಕೆಯಲ್ಲಿಯೂ ಯುರೋಪಿನಲ್ಲಿಯೂ ಬಹಳ ರೂಢಿಯಲ್ಲಿದೆ. ಮೋಟಾರಿನೊಳಗೇ ಹಾಸಿಗೆ, ಒಲೆ, ನೀರಿನ ತೊಟ್ಟಿ, ಸ್ನಾನದ ಮೂಲೆ ಎಲ್ಲವೂ ಇರುತ್ತವೆ. ನಮ್ಮ ನೆರೆಯ ಕೇರಳ ಸರಕಾರವು 2021ರಲ್ಲಿ ಇಂಥ ವಾಹನಗಳ ಪ್ರವಾಸಕ್ಕೆಂದೇ ಒಂದು ಯೋಜನೆಯನ್ನು ಸಾರಿತು. ಬೆಂಗಳೂರಿನಲ್ಲಿಯೂ ಇವು ಈಗ ಬಾಡಿಗೆಗೆ ದೊರೆಯುತ್ತವೆ. ಇವನ್ನು ಕಂಡವರು, "ಕಾಲ ಎಲ್ಲಿಗೆ ಬಂತು ನೋಡಿರಿ" ಎಂದು ಮೂಗಿನ ಮೇಲೆ ಬೆರಳಿಡುವುದುಂಟು. ಆದರೆ ವಾಚಕರೇ, ನಿಮ್ಮ ಅಜ್ಜ ಅಜ್ಜಿಯರು ಬೆಳಗಾವಿ ಧಾರವಾಡಗಳ ಕಡೆಯ ಒಕ್ಕಲು ಮನೆತನದವರಾಗಿದ್ದರೆ, ಅವರು ಇದನ್ನು ನೋಡಿ ಅಷ್ಟೊಂದು ಬೆರಗಾಗುತ್ತಿರಲಿಲ್ಲ. ಕಿತ್ತೂರಿನ ಸಮೀಪದ ದೇಗಾಂವದಂಥ ಊರಿನಿಂದ ಕೊಲ್ಲಾರಿ ಬಂಡಿ ಹೂಡಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟವರು ಮಾಡುತ್ತಿದ್ದುದು ಹೆಚ್ಚು ಕಡಿಮೆ ಇದನ್ನೇ. ಹೆಸರು ಬೇರೆ, ನೆಪ ಬೇರೆ.

ನೆಪದ ಮಾತನ್ನು ಮರೆಯಬೇಡಿರಿ. ಅದಕ್ಕೆ ಮತ್ತೆ ಬರುವೆನು. ಮೊದಲು ಪಶ್ಚಿಮದವರಿಗೆ ಈ ಹವ್ಯಾಸ ಹೇಗೆ ಹತ್ತಿತೆಂಬುದನ್ನು ನೋಡೋಣ. ಜಿಪ್ಸಿಗಳೂ ಸರ್ಕಸ್ಸಿನವರೂ ಬಂಡಿಯಲ್ಲಿ ಬಾಳುತ್ತಿದ್ದುದು ಹಳೆಯ ಮಾತು. ಅದು ಅವರ ಹೊಟ್ಟೆಪಾಡು. ಸ್ವಂತ ಮನೆಯುಳ್ಳ ಗೃಹಸ್ಥನೊಬ್ಬ ಕೇವಲ ಸಂತೋಷಕ್ಕಾಗಿ ಮನೆಬಂಡಿ ಕಟ್ಟಿಸಿದ ಉದಾಹರಣೆಯೆಂದು ಸಾಮಾನ್ಯವಾಗಿ ಎತ್ತಿ ಹೇಳುವುದು ಸ್ಕಾಟ್ಲಂಡಿನ ಡಾಕ್ಟರ್ ಗಾರ್ಡನ್ ಸ್ಟೇಬಲ್ಸ್ ಎಂಬವನನ್ನು. ನೌಕಾದಳದಲ್ಲಿ ವೈದ್ಯನಾಗಿದ್ದ ಈತ 'ವಾಂಡರರ್' ಎಂಬ ಹೆಸರಿನ, ಜೋಡಿ ಕುದುರೆಯ ಬಂಡಿಯೊಂದನ್ನು ಮಾಡಿಸಿ, 1885ರಲ್ಲಿ ಇಂಗ್ಲಂಡಿನ ತೆಂಕಣ ಭಾಗದಿಂದ ಸ್ಕಾಟ್ಲಂಡಿನ ಇನ್ವರ್ನೆಸ್ಸಿನ ತನಕ ಸಾಗಿದ. ಆದರೆ ಅವನ ಜೊತೆಗಿದ್ದವರು ಒಬ್ಬ ಆಳು, ಒಬ್ಬ ಸಾರಥಿ, ಒಂದು ನಾಯಿ, ಒಂದು ಗಿಳಿಜಾತಿಯ ಹಕ್ಕಿ. ಹೆಂಡತಿ ಇರಲಿಲ್ಲ. ಅದು ಒಂಟಿ ಗಂಡಸಿನ ಸವಾರಿ.

ಜೋಡಿಯ ಸವಾರಿಯ ಕಥೆಗೆ ಜರ್ಮನಿಗೆ ಹೋಗಬೇಕು. ಅಲ್ಲಿ ಇಸ್ನಿ ಎಂಬ ಸಣ್ಣ ಊರಿನಲ್ಲಿ ಡೆಥ್ಲೆಫ್ಸ್ ಎಂಬ ಮನೆತನದವರು ಚಾಟಿಗಳನ್ನು ಮಾಡಿ ಮಾರುತ್ತಿದ್ದರು. ನಮ್ಮಲ್ಲಿ ಬಾರುಕೋಲು ಎನ್ನುತ್ತೇವಲ್ಲ, ಅಂಥವು. ಆ ಮನೆಯ ಅರಿಸ್ಟ್ ಎಂಬ ತರುಣ ಮಾಲು ಮಾರಲು ವಾರಗಟ್ಟಲೆ ಊರೂರು ತಿರುಗಬೇಕಾಗಿತ್ತು. ಅವನು ಮದುವೆಯಾಗಲಿದ್ದ ಫ್ರಿಡೆಲ್ ಚಿತ್ರಕಾರಳು. ತಾನೂ ಜೊತೆಗೆ ಬರುವಂತೆ, ಬಂದಲ್ಲಿ ಕುಳಿತು ಚಿತ್ರ ಬರೆಯುವಂತೆ, ಜಿಪ್ಸಿಗಳ ಬಂಡಿಯಂಥ ಏನಾದರೊಂದು ಇರಬಾರದೆ ಎಂದು ಆಕೆ ಕೇಳಿದಳಂತೆ. ಅವನು 1931ರಲ್ಲಿ ಮೋಟಾರಿನ ಹಿಂದೆ ಕಟ್ಟಿ ಎಳೆಯುವ ಮನೆಬಂಡಿಯನ್ನು ತಾನೇ ಕಟ್ಟಿದ. ಅದರಿಂದ ಮುಂದೆ ಒಂದು ದೊಡ್ಡ ಉದ್ಯಮವೇ ಬೆಳೆಯಿತು. ಬಾರುಕೋಲು ಮಾರುವವನ ಮನೆಯಲ್ಲಿ ಬಂಡಿಯ ಮನೆ ಹುಟ್ಟಿದ್ದು ತಮಾಷೆಯಾಗಿಯೇ ಇದೆ. ಗಂಡ ತಿರುಗುವವನು, ಹೆಂಡತಿ ಮನೆಯಲ್ಲಿ ಉಳಿಯುವವಳು ಎಂಬ ಕಟ್ಟಳೆಯೊಳಗೆ, ಇಬ್ಬರೂ ಕೂಡಿ ಹೋಗುವ ಉಪಾಯವನ್ನು ಯೋಚಿಸಿದವಳು ಹೆಂಗಸು ಎಂಬುದನ್ನು ನೆನಪಿನಲ್ಲಿಡಿರಿ.

ಈಗ ದೇಗಾಂವಕ್ಕೆ ಬರೋಣ. ಶಾಸನಗಳಲ್ಲಿ ದೇಗಾಂವೆ ಎಂದು ಹೆಸರಾದ ಈ ಊರು ಕಿತ್ತೂರಿಗೆ ಹತ್ತಿರದಲ್ಲಿದೆ. ಪಡುವಣಕ್ಕೆ ಹೋದರೆ ಹಲಸಿ, ಅದರಾಚೆ ಸಹ್ಯಾದ್ರಿಯ ಕಾಡು, ಕಾಡಿನಾಚೆ ಗೋವೆ. ಮೂಡಣಕ್ಕೆ ಹೋದರೆ ಮಲಪ್ರಭೆಯ ಬಯಲು, ಎರೆಯ ನೆಲ. ಗೋವೆಯ ಕದಂಬರಿಗೆ ಸಮುದ್ರದಂಡೆಯ ಗೋಪಕಪಟ್ಟಣ ಒಂದು ರಾಜಧಾನಿ. ಘಟ್ಟದ ಮೇಲಿನ ಹಲಸಿ ಎರಡನೆಯದು. ಆ ವಂಶದ ಶಿವಚಿತ್ತ ಪೆರ್ಮಾಡಿ ದೇವನ ರಾಣಿ ಕಮಲಾದೇವಿ ದೇಗಾಂವದಲ್ಲಿ ಒಂದು ಗುಡಿಯನ್ನು ಕಟ್ಟಿಸಿದಳು. ಶಾಸನದ ಕಾಲ ಕ್ರಿ. ಶ. 1174. ಕಟ್ಟಿದ ಶಿಲ್ಪಿ ತಿಪ್ಪೋಜ. ಗುಡಿಗೆ ಕಮಲನಾರಾಯಣನ ಗುಡಿ ಎಂದು ಹೆಸರು. ಒಳಗೆ ಮೂರು ಗರ್ಭಗೃಹಗಳಿವೆ. ಒಂದರಲ್ಲಿ ನಾರಾಯಣ, ಒಂದರಲ್ಲಿ ಕಮಲೆ, ಇನ್ನೊಂದರಲ್ಲಿ ಲಕ್ಷ್ಮಿಯನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡ ನಾರಾಯಣ. ಅಂದರೆ ಬೇರೆ ಬೇರೆ ಇರುವ ದೇವರು ದೇವಿಯರನ್ನು ನೋಡಿ, ಕೂಡಿ ಕುಳಿತವರನ್ನೂ ನೋಡಿಕೊಂಡು ಬರಬಹುದು. ರಾಣಿಯ ಹೆಸರೂ ದೇವಿಯ ಹೆಸರೂ ಒಂದೇ ಆದುದರಿಂದ, ಕಮಲಾದೇವಿಯ ಮನಸ್ಸು ಈ ಗುಡಿಯಲ್ಲಿ ಎಷ್ಟು ನೆಟ್ಟಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಟಪದ ಕಂಬಗಳ ನುಣುಪು ಇಂದಿಗೂ ಮಾಸಿಲ್ಲ. ಆ ದಾರಿಯಲ್ಲಿ ಹಾಯುವವರು ಒಂದು ಗಳಿಗೆ ಇಳಿದು ನೋಡಲೇಬೇಕಾದ ಕಟ್ಟಡವದು.

ರಾಜರ ಕಾಲದಲ್ಲಿ ಗುಡಿ ಕಟ್ಟಿಸುವುದು, ಅಗ್ರಹಾರ ಬಿಡುವುದು, ಕೆರೆ ಕಟ್ಟಿಸುವುದು ಒಂದೇ ಸಾಲಿನ ಪುಣ್ಯಗಳು. ಸಪ್ತಸಂತಾನ ಎಂದು ಹೇಳುವ ಏಳರಲ್ಲಿ ಕೆರೆಯೂ ಒಂದು. ಹೆತ್ತ ಮಗನಿಗೆ ಸಮನಾದದ್ದು. ಕೆರೆಯೆಂದರೆ ಗದ್ದೆಗೆ ನೀರುಣಿಸುವ ಸಾಧನವೆಂದು ನಾವು ಈಗ ತಿಳಿಯುತ್ತೇವೆ. ಅದು ನಿಜ. ಆದರೆ ಏರಿಯ ಕೆಳಗಿನ ಒಕ್ಕಲಿಗನಿಗೆ ಅದು ಹೊಲದ ನೀರಾದರೆ, ಏರಿಯ ಮೇಲೆ ಹಾಯುವ ದಾರಿಕಾರನಿಗೆ ರಾತ್ರಿಯ ಬೀಡು. ಏರಿಯ ಬುಡಕ್ಕೆ ಹುಣಸೆ, ಮಾವು, ಆಲದ ನೆರಳು, ಪಕ್ಕದಲ್ಲಿ ಹನುಮಪ್ಪನದೋ ಬಸವಣ್ಣನದೋ ಒಂದು ಕಟ್ಟೆ, ಎತ್ತಿಗೆ ಹುಲ್ಲು, ಒಲೆಗೆ ಪುರಳೆ. ಛತ್ರವಿದ್ದಲ್ಲಿ ಛತ್ರ, ಅರವಟ್ಟಿಗೆಯಿದ್ದಲ್ಲಿ ಅರವಟ್ಟಿಗೆ. ಎರಡೂ ಇಲ್ಲದಲ್ಲಿ ಕೆರೆಯೊಂದಿದ್ದರೆ ಸಾಕು. ದಾರಿಗಳು ಹೀಗೆ ಕೆರೆಯಿಂದ ಕೆರೆಗೆ, ಹೊಳೆಯಿಂದ ಹಳ್ಳಕ್ಕೆ ಜಿಗಿಯುತ್ತ ಹೋಗುತ್ತಿದ್ದವು. ಎರಡು ನೀರಿನ ನಡುವಿನ ದೂರವೇ ಒಂದು ದಿನದ ಪಯಣ.

ಆದರೆ ಕೆರೆಯಿದ್ದ ಮಾತ್ರಕ್ಕೆ ಗಂಡಹೆಂಡಿರು ನೆಮ್ಮದಿಯಿಂದ ಅಲ್ಲಿ ಮಲಗಿ ಎದ್ದು ಬರುತ್ತಿದ್ದರೆ? ಬಹುಕಾಲ ಹಾಗಿರಲಿಲ್ಲ. ಗೋವೆಯಿಂದ ಘಟ್ಟವೇರುವ ಉಪ್ಪೂ ಬಯಲಿನಿಂದ ಇಳಿಯುವ ಜೋಳವೂ ಬಂಡಿಯಲ್ಲಿ ಹೋಗುತ್ತಿರಲಿಲ್ಲ, ಹೇರೆತ್ತಿನ ಬೆನ್ನ ಮೇಲೆ ಹೋಗುತ್ತಿತ್ತು. ಆ ಎತ್ತುಗಳ ಒಡೆಯರಾದ ಲಂಬಾಣಿಗರು ಹೆಂಡಿರು ಮಕ್ಕಳು ಸಹಿತ ತಾಂಡವೇ ತಾಂಡವಾಗಿ ಸಾಗುತ್ತಿದ್ದರು. ಸಾವಿರಾರು ಎತ್ತುಗಳು, ನಡುವೆ ಹೊಳೆಯುವ ಕನ್ನಡಿಯ ಲಂಗ ತೊಟ್ಟ ಹೆಂಗಸರು, ನೀರು ಕಂಡಲ್ಲಿ ಬೀಡು. ದಂಪತಿಗಳು ಕೂಡಿ ಬದುಕೆಲ್ಲ ದಾರಿಯ ಮೇಲೆಯೇ ಕಳೆದ ಜನವೆಂದರೆ ಅವರು. ಅವರಿಗೆ ಗುಂಪೇ ಕೋಟೆ. ಮಿಕ್ಕವರಿಗೆ ದಾರಿಯೆಂದರೆ ಅಂಜಿಕೆ. ಹದಿನೆಂಟನೆಯ ಶತಮಾನದ ಕೊನೆಗಂತೂ ಈ ಸೀಮೆ ದಂಡು ದಾಳಿಗಳ ಬಯಲಾಗಿತ್ತು. 1800ರ ಜುಲೈ ಕೊನೆಯಲ್ಲಿ, ಮುಂದೆ ವೆಲಿಂಗ್ಟನ್ ಎಂದು ಹೆಸರಾದ ಆರ್ಥರ್ ವೆಲೆಸ್ಲಿಯು ಧೋಂಡಿಯಾ ವಾಘನ ಬೆನ್ನಟ್ಟಿ ಬಂದು, ಸವದತ್ತಿಗೆ ಸಮೀಪದ ಮುನವಳ್ಳಿಯ ಎದುರಿಗೆ, ಮಲಪ್ರಭೆಯ ದಂಡೆಯಲ್ಲಿಳಿದಿದ್ದ ಅವನ ಬೀಡಿನ ಮೇಲೆ ಬಿದ್ದ. ಸಾಮಾನು ಸರಂಜಾಮು, ಆನೆ ಒಂಟೆ ಎತ್ತುಗಳೆಲ್ಲ ಸೂರೆಯಾದವು. ಮಳೆಗಾಲದ ತುಂಬುಹೊಳೆಗೆ ಹಾರಿದವರು ಅನೇಕರು ಮುಳುಗಿ ಹೋದರು. ಮುಂದಿನ ಸೆಪ್ಟೆಂಬರ್ 10ರಂದು ಧೋಂಡಿಯಾ ಸಹ ಕೊಣಗಲ್ಲಿನಲ್ಲಿ ಮಡಿದ. ಆ ಕಾಲದಲ್ಲಿ ಹೊಳೆಯ ದಂಡೆಯ ಬೀಡು ಎಂದರೆ ಇದು. ಹೊಸದಾಗಿ ಮದುವೆಯಾದವರು ಅಲ್ಲಿ ಬುತ್ತಿ ಬಿಚ್ಚುವ ಮಾತೆಲ್ಲಿ!

1818ರಲ್ಲಿ ಪೇಶವಾಯಿ ಮುರಿದ ಮೇಲೆ, ಅದಾದ ಆರು ವರ್ಷಕ್ಕೆ ಕಿತ್ತೂರಿನಲ್ಲಿ ನಡೆದದ್ದು ನಿಮಗೆ ಗೊತ್ತೇ ಇದೆ. ಆ ಹೋರಾಟದ ಕಥೆ ಇಲ್ಲಿ ಬೇಡ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಕಡಿಯ ಸಡಕುಗಳಾದವು. ಪುಣೆಯಿಂದ ಹರಿಹರಕ್ಕೆ ಹೋಗುವ ಹೆದ್ದಾರಿ ಕಿತ್ತೂರಿನ ಮಗ್ಗುಲಲ್ಲಿಯೇ ಹಾಯ್ದಿತು. ಹೊಲದ ಗೊಬ್ಬರ ಹೇರಲು ಮಾತ್ರ ತಕ್ಕುದಾಗಿದ್ದ ಹಳೆಯ ಭಾರವಾದ ಬಂಡಿಯ ಸ್ಥಳಕ್ಕೆ, ಅರೆಕಾಲಿನ ಗಾಲಿಗೆ ಕಬ್ಬಿಣದ ಹಳಿ ಬಿಗಿದ ಹಗುರಾದ ಚಕ್ಕಡಿ ಬಂದಿತು. ಒಂದು ಜೋಡು ಎತ್ತುಳ್ಳ ಸಾಧಾರಣ ಒಕ್ಕಲಿಗನೂ ಹೆಂಡತಿಯನ್ನು ಕೂಡ್ರಿಸಿಕೊಂಡು ನಾಲ್ಕು ದಿನದ ಹಾದಿಗೆ ಹೊರಡಬಹುದೆಂಬ ಸ್ಥಿತಿಯುಂಟಾದದ್ದು ಆಗ. ಇದನ್ನು ಇಂಗ್ಲಿಷರ ಉಪಕಾರವೆಂದು ಹೊಗಳಬೇಕಾಗಿಲ್ಲ. ಸಡಕುಗಳನ್ನು ಮಾಡಿಸಿದ್ದು ಹತ್ತಿಯನ್ನು ಬಂದರಕ್ಕೆ ಸಾಗಿಸಲು, ದಂಡನ್ನು ಓಡಾಡಿಸಲು. ಆದರೆ ಸಡಕಿಗೆ ತನ್ನ ಮೇಲೆ ಯಾರು ಹಾಯುತ್ತಾರೆಂಬ ಭೇದವಿಲ್ಲವಷ್ಟೆ.

ಇನ್ನು ಬಂಡಿಯನ್ನು ನೋಡಿರಿ. ಸುಗ್ಗಿಗೆ ತೆನೆ ಹೇರುವ ಚಕ್ಕಡಿಯೇ ಜಾತ್ರೆಗೆ ಮನೆಯಾಗುತ್ತದೆ. ಬಿದಿರ ದಬ್ಬೆಗಳನ್ನು ಕಮಾನಿನಂತೆ ಬಗ್ಗಿಸಿ ಎರಡೂ ಬದಿಗೆ ಸಿಕ್ಕಿಸಿ, ಮೇಲೆ ಚಾಪೆಯನ್ನೋ ಗೋಣಿತಟ್ಟನ್ನೋ ಹೊದಿಸಿದರೆ ಕೊಲ್ಲಾರಿ. ಉಳ್ಳವರು ಅದಕ್ಕೆ ಬಣ್ಣದ ಬಟ್ಟೆಯ ಝಾಲರಿ ಕಟ್ಟುವರು. ಇಲ್ಲದವರು ಒಂದು ತಾಡಪತ್ರಿ ಎಳೆದು ಬಿಡುವರು. ಒಳಗೆ ಕಣಿಕೆಯ ಮೆತ್ತೆ, ಅದರ ಮೇಲೆ ಜಮಖಾನೆ, ಹೊದೆಯಲು ಕೌದಿ. ಹಾಸಿಗೆಯ ಕಣಿಕೆಯೇ ದಿನದಿನಕ್ಕೆ ಎತ್ತಿನ ಮೇವಾಗುವುದರಿಂದ, ಊರು ಬಿಟ್ಟ ದಿನ ಎತ್ತರವಾಗಿದ್ದ ಹಾಸಿಗೆ ತಿರುಗಿ ಬರುವಾಗ ಹಲಗೆಗೆ ಹತ್ತಿರುತ್ತದೆ! ಬಂಡಿಯ ಕೆಳಗೆ ಹಗ್ಗದ ಜಾಳಿಗೆಯಲ್ಲಿ ಪಾತ್ರೆ ಪಡಗ; ಪಕ್ಕದಲ್ಲಿ ಕೀಲೆಣ್ಣೆಯ ಬುಡ್ಡಿ; ರಾತ್ರಿಗೆ ಕಂದೀಲು. ಬುತ್ತಿಯಲ್ಲಿ ವಾರವಾದರೂ ಕೆಡದ ಕಟಕರೊಟ್ಟಿ, ಶೇಂಗಾದ ಹಿಂಡಿ, ಗುರೆಳ್ಳಿನ ಹಿಂಡಿ, ಮಾದಲಿ. ಉಳ್ಳಾಗಡ್ಡಿಯ ಗಂಟಂತೂ ಇದ್ದದ್ದೇ. ಇಂದಿನ ಮೋಟಾರು ಮನೆಯ ಕಪಾಟುಗಳನ್ನೂ ಮಡಚುವ ಮಂಚಗಳನ್ನೂ ಕೊಂಡಾಡುವವರು, ನಮ್ಮ ಹೆಣ್ಣುಮಕ್ಕಳು ಹತ್ತಡಿ ಹಲಗೆಯ ಮೇಲೆ ಒಂದು ಸಂಸಾರವನ್ನು ಹೇಗೆ ಜೋಡಿಸುತ್ತಿದ್ದರೆಂಬುದನ್ನು ಒಮ್ಮೆ ನೋಡಬೇಕಾಗಿತ್ತು.

ಎತ್ತಿನ ನಡೆ ಗಳಿಗೆಗೆ ಎಷ್ಟೋ ಅಷ್ಟೆ. ದಿನಕ್ಕೆ ಎಂಟು ಹತ್ತು ಹರದಾರಿ ಎನ್ನುವವರ ಮಾತನ್ನು ನಂಬಬೇಡಿರಿ. ಇಪ್ಪತ್ತೈದು ಮೂವತ್ತು ಕಿಲೋಮೀಟರು ಸಾಗಿದರೆ ಹೆಚ್ಚು. ದೇಗಾಂವದಿಂದ ಹೊರಟವರು ಸಂಗೊಳ್ಳಿ, ಬೈಲಹೊಂಗಲದ ಸೀಮೆಯನ್ನು ಹಾಯ್ದು, ಮಲಪ್ರಭೆಯ ಬಯಲಗುಂಟ ಸವದತ್ತಿಯನ್ನು ಮುಟ್ಟಬೇಕಾದರೆ ನಡುವೆ ಎರಡೋ ಮೂರೋ ರಾತ್ರಿ. ನಸುಕಿನಲ್ಲಿ ಬಂಡಿ ಹೂಡಿ, ಬಿಸಿಲೇರಿದಾಗ ಕೊರಳು ಬಿಟ್ಟು, ಹೊತ್ತು ಇಳಿದ ಮೇಲೆ ಮತ್ತೆ ಹೂಡಿ, ಕಣ್ಣು ಕತ್ತಲಾಗುವ ಮೊದಲು ನೀರು ಹಿಡಿಯಬೇಕು. ನೀರಿಗೆ ಬಂದಿಳಿದರೆ ಯಾರೂ ಬರೆದಿಡದ, ಎಲ್ಲರೂ ಬಲ್ಲ ಕಟ್ಟಳೆಗಳಿದ್ದವು. ಕುಡಿಯುವ ನೀರು ತುಂಬುವ ಮೆಟ್ಟಿಲಲ್ಲಿ ಎತ್ತಿನ ಮೈ ತೊಳೆಯಬಾರದು. ಬಹಿರ್ದೆಸೆಗೆ ಏರಿಯ ಆಚೆ, ನೀರಿಗೆ ಹರಿದು ಬರದಷ್ಟು ದೂರ ಹೋಗಬೇಕು. ಒಲೆಯ ಮೂರು ಕಲ್ಲುಗಳನ್ನು ಹಾಗೆಯೇ ಬಿಟ್ಟು ಏಳಬೇಕು; ನಾಳೆ ಬರುವವರಿಗೆ ಬೇಕಲ್ಲ. ಅಡಿಗೆಯ ಜಾಗದ ಮಾತಿಗೆ ಬಂದರೆ ಜಾತಿಯ ಗೆರೆ ಅಲ್ಲಿಯೂ ಇತ್ತು. ಕೆರೆಯ ಯಾವ ಮಗ್ಗುಲಿಗೆ ಯಾರ ಬಂಡಿ ನಿಲ್ಲಬೇಕು, ಯಾರು ಮೆಟ್ಟಿಲನ್ನು ಮುಟ್ಟದೆ ದೂರ ನಿಂತು ನೀರು ಬೇಡಬೇಕು ಎಂಬುದನ್ನು ಊರು ಮೊದಲೇ ಹೇಳಿಬಿಟ್ಟಿರುತ್ತಿತ್ತು. ಹಳೆಯದನ್ನು ನೆನೆಯುವಾಗ ನಾವು ಇದೊಂದನ್ನು ಸುಲಭವಾಗಿ ಮರೆಯುತ್ತೇವೆ. ಡಾಕ್ಟರ್ ಅಂಬೇಡಕರರು 1927ರಲ್ಲಿ ಮಹಾಡದ ಕೆರೆಯ ನೀರನ್ನು ಬೊಗಸೆಯಿಂದ ಕುಡಿದದ್ದು ಏಕೆ ಅಷ್ಟು ದೊಡ್ಡ ಸಂಗತಿಯಾಯಿತೆಂಬುದು, ದಾರಿ ನಡೆದು ಬಾಯಾರಿದವನಿಗೆ ಬೇಗ ತಿಳಿದೀತು.

ಈಗ ನೆಪದ ಮಾತು. ಒಟ್ಟುಕುಟುಂಬದಲ್ಲಿ ಗಂಡಹೆಂಡಿರು ಹಗಲು ಹೊತ್ತಿನಲ್ಲಿ ಎದುರೆದುರು ನಿಂತು ಮಾತಾಡುವ ವಾಡಿಕೆಯಿರಲಿಲ್ಲ. ಅತ್ತೆ, ಮಾವ, ನೆಗೆಣ್ಣಿ, ಮೈದುನರ ನಡುವೆ ಅವರದೆಂಬ ಒಂದು ಮೂಲೆಯೂ ಇರುತ್ತಿರಲಿಲ್ಲ. ಮದುವೆಯಾಗಿ ನಾಲ್ಕು ಮಕ್ಕಳಾದರೂ ಒಬ್ಬರ ಇಷ್ಟವೇನೆಂಬುದು ಒಬ್ಬರಿಗೆ ಗೊತ್ತಿಲ್ಲದ ಜೋಡಿಗಳು ಎಷ್ಟೋ! ಇಂಥ ಮನೆಯ ಮಗ, "ನಾನೂ ನನ್ನ ಹೆಂಡತಿಯೂ ಸುಮ್ಮನೆ ನಾಲ್ಕು ದಿನ ತಿರುಗಾಡಿ ಬರುತ್ತೇವೆ" ಎಂದಿದ್ದರೆ ಊರೇ ನಗುತ್ತಿತ್ತು. ಆದರೆ ಹರಕೆಯಿದೆ, ತಾಯಿಯ ಪಡಲಿಗೆ ತುಂಬಿಸಬೇಕು ಎಂದರೆ ಯಾರೂ ತಡೆಯುವಂತಿಲ್ಲ. ಮಾವನೇ ಎತ್ತಿನ ಕೊರಳಿಗೆ ಗೆಜ್ಜೆ ಕಟ್ಟುತ್ತಾನೆ. ಸಾಮಾನ್ಯವಾಗಿ ಹಿರಿಯರೂ ಮಕ್ಕಳೂ ಜೊತೆಗೆ ಬರುತ್ತಿದ್ದರು, ನಾಲ್ಕಾರು ಬಂಡಿಗಳು ಕೂಡಿಯೇ ಹೊರಡುತ್ತಿದ್ದವು, ನಿಜ. ಆದರೂ ಬಂಡಿ ಬಂಡಿಯೇ. ಗಂಡ ಮೂಕಿಯ ಹತ್ತಿರ ಮುಂದಕ್ಕೆ ಮುಖ ಮಾಡಿ ಕುಳಿತಿದ್ದಾನೆ. ಹೆಂಡತಿ ಕೊಲ್ಲಾರಿಯ ಒಳಗೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಕಾಣದಿರುವುದರಿಂದಲೇ ಮಾತು ಸಲೀಸು.

"ಏನ್ರೀ, ಎತ್ತಿಗೆ ನೀರ ಕುಡಿಸಿದಿರೇನು?"

"ಕುಡಿಸೇನಿ. ನೀ ಉಂಡೇನು?"

ಮನೆಯಲ್ಲಿ ಕೇಳಲು ಎಡೆಯಿಲ್ಲದ ಪ್ರಶ್ನೆ ಅದು. ಹೆಂಡತಿ ಉಂಡಳೋ ಇಲ್ಲವೋ ಎಂಬುದನ್ನು ವಿಚಾರಿಸುವ ಗಂಡನಿಗೆ ನಮ್ಮ ಹಳ್ಳಿಗಳಲ್ಲಿ ಒಳ್ಳೆಯ ಹೆಸರಿರಲಿಲ್ಲ. ಜರ್ಮನಿಯ ಫ್ರಿಡೆಲ್ ಬಾಯಿ ಬಿಟ್ಟು ಕೇಳಿದ್ದನ್ನು ನಮ್ಮ ಹೆಣ್ಣುಮಗಳು ಹರಕೆಯ ಮೂಲಕ ಕೇಳಿಕೊಂಡಳು ಎಂದು ನಾನು ಹೇಳಿದರೆ, ಭಕ್ತಿಗೆ ಕುಂದು ತಂದೆನೆಂದು ತಿಳಿಯಬೇಡಿರಿ. ಭಕ್ತಿ ನಿಜವೇ. ಅದರ ಮಡಿಲಲ್ಲಿ ಇನ್ನೊಂದು ಆಸೆಯೂ ಇದ್ದಿತು, ಅಷ್ಟೆ.

ಮತ್ತು ಅವರು ಹೋಗುತ್ತಿದ್ದುದು ಯಾವ ದೇವಿಯ ಬಳಿಗೆ? ಜಮದಗ್ನಿಯ ಹೆಂಡತಿ ರೇಣುಕೆ ದಿನವೂ ಮಲಪ್ರಭೆಯಲ್ಲಿ ಮಿಂದು, ಮರಳಿನಲ್ಲಿ ಕೊಡ ಮಾಡಿ ನೀರು ತರುತ್ತಿದ್ದಳು. ಒಂದು ದಿನ ಗಂಧರ್ವನೊಬ್ಬ ತನ್ನವರೊಡನೆ ನೀರಾಟವಾಡುವುದನ್ನು ಕಂಡಳು. ಒಂದು ನಿಮಿಷ ನಿಂತು ನೋಡಿದಳು. ಮನಸ್ಸು ಕದಲಿತು, ಮರಳಿನ ಕೊಡ ನಿಲ್ಲಲಿಲ್ಲ. ಮುಂದಿನದು ಗಂಡನ ಶಾಪ, ಮಗನ ಕೊಡಲಿ. ನೀರಿನ ದಂಡೆಯಲ್ಲಿ ಗಂಡು ಹೆಣ್ಣು ನಲಿಯುವುದನ್ನು ನೋಡಿ ತನಗೂ ಹಾಗಿರಬಾರದೆ ಎಂದುಕೊಂಡದ್ದೇ ಆಕೆಯ ತಪ್ಪು. ಅಂಥವಳನ್ನೇ ಜನ ತಾಯಿ ಎಂದು ಗುಡ್ಡದ ಮೇಲೆ ನಿಲ್ಲಿಸಿ, ಜೋಡಿಜೋಡಿಯಾಗಿ ಬಂಡಿ ಕಟ್ಟಿಕೊಂಡು ಹೋಗುತ್ತಾರೆ. ಗುಡ್ಡದ ಬುಡದ ಜೋಗುಳಬಾವಿಯಲ್ಲಿ ಮೀಯುತ್ತಾರೆ. ಮೇಲೆ ಎಣ್ಣೆಹೊಂಡದಲ್ಲಿ ಇನ್ನೊಮ್ಮೆ. ಮಾರ್ಗಶಿರದ ಹುಣ್ಣಿಮೆಗೆ ಗಂಡನನ್ನು ಕಳೆದುಕೊಂಡ ದೇವಿಯ ಬಳೆ ಒಡೆಯುವುದು, ಮಾಘದ ಭಾರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆಯಾಗುವುದು, ಇದು ಅಲ್ಲಿಯ ವರ್ಷದ ಕ್ರಮ. ಗಂಡಹೆಂಡಿರ ಅಗಲಿಕೆ, ಕೂಡಿಕೆಗಳೇ ಆ ಜಾತ್ರೆಯ ತಿರುಳು.

ಇದೇ ದಾರಿಯ ಮೇಲೆ ಇನ್ನೊಂದು ಬಗೆಯ ಬಂಡಿಯೂ ಹೋಗುತ್ತಿತ್ತೆಂಬುದನ್ನು ಬಿಟ್ಟು ಮುಂದಕ್ಕೆ ಹೋಗಲಾಗದು. ತಂದೆತಾಯಂದಿರ ನಡುವೆ ಹೊಸ ಸೀರೆಯುಟ್ಟು ಕುಳಿತ ಹುಡುಗಿ. ಗುಡ್ಡದಲ್ಲಿ ಆಕೆಗೆ ಮುತ್ತು ಕಟ್ಟುವರು. ದೇವರಿಗೆ ಬಿಟ್ಟ ಹೆಣ್ಣಾಗಿ ತಿರುಗಿ ಬರುವ ಆಕೆಗೆ, ಗಂಡನೊಡನೆ ಕೊಲ್ಲಾರಿಯಲ್ಲಿ ಕುಳಿತು ಹೋಗುವ ದಿನ ಬರುವಂತಿರಲಿಲ್ಲ. 1982ರ ಕರ್ನಾಟಕದ ಕಾಯಿದೆ ಆ ಪದ್ಧತಿಯನ್ನು ನಿಷೇಧಿಸಿತು. ಕಾಯಿದೆಯಾದ ಮೇಲೆಯೂ ಗುಟ್ಟಾಗಿ ನಡೆದದ್ದುಂಟು.

ನೀರಿನ ದಂಡೆಯಲ್ಲಿ ಬೀಡು ಬಿಡುವ ಇನ್ನೊಂದು ಜೋಡಿಯನ್ನೂ ಹಳ್ಳಿಯವರು ಬಲ್ಲರು: ಸಾಹೇಬ, ಮಡಮ್ಮ. ಇಂಗ್ಲಿಷರ ಆಳಿಕೆಯಲ್ಲಿ ಜಿಲ್ಲೆಯ ಅಧಿಕಾರಿಗಳು ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಡೇರೆಗಳಲ್ಲಿಯೇ ಇದ್ದು ಸೀಮೆಯನ್ನು ಸುತ್ತುತ್ತಿದ್ದರು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಮಡಿದ ಧಾರವಾಡದ ಕಲೆಕ್ಟರ್ ಥ್ಯಾಕರೆಯೂ, ಅಂದು ಸೆರೆಸಿಕ್ಕಿ ಮುಂದೆ ಕನ್ನಡ ಶಾಸನಗಳ ನೂರಾರು ಪ್ರತಿಗಳನ್ನು ಸಂಗ್ರಹಿಸಿದ ವಾಲ್ಟರ್ ಎಲಿಯಟ್ಟನೂ ಇಂಥ ಡೇರೆಯ ಬದುಕಿನವರೇ. ದೇಗಾಂವದ ಶಾಸನವನ್ನು ಓದಿ ಪ್ರಕಟಿಸಿದ ಫ್ಲೀಟ್ ಸಾಹೇಬನೂ 1867ರಲ್ಲಿ ನೌಕರಿಗೆ ಬಂದು ಈ ಕನ್ನಡ ಜಿಲ್ಲೆಗಳಲ್ಲಿ ತಿರುಗಾಡಿದವನು. ಅವರಿಂದ ನಮ್ಮ ಇತಿಹಾಸಕ್ಕೆ ಉಪಕಾರವಾಗಿದೆ, ಅಲ್ಲಗಳೆಯಲಾಗದು. ಆದರೆ ಸಾಹೇಬನ ಬೀಡಿಗೂ ಒಕ್ಕಲಿಗನ ಬೀಡಿಗೂ ಒಂದು ವ್ಯತ್ಯಾಸವಿತ್ತು. ಸಾಹೇಬನ ಡೇರೆ ಬರುವುದಕ್ಕೆ ಬಂಡಿಗಳನ್ನು ಊರಿನವರು ಬಿಡಬೇಕು, ಕಟ್ಟಿಗೆ, ಹುಲ್ಲು, ಹಾಲು, ಕೋಳಿ ಒದಗಿಸಬೇಕು, ನೀರು ಹೊರಬೇಕು. ಹಣ ಕೊಟ್ಟರೂ ಅದು ಕೆಳಗಿನವನ ಕೈಗೆ ಬರುವಷ್ಟರಲ್ಲಿ ಕರಗಿರುತ್ತಿತ್ತು. ಬಿಟ್ಟಿ ಬೇಗಾರಿ ಎಂದರೆ ಇದೇ. ಹಿಮಾಲಯದ ಕುಮಾವೂ ಸೀಮೆಯಲ್ಲಿ ಜನ 1921ರಲ್ಲಿ ಬಾಗೇಶ್ವರದ ಜಾತ್ರೆಯ ದಿನ ಬೇಗಾರಿಯ ದಫ್ತರಗಳನ್ನೇ ಹೊಳೆಗೆ ಎಸೆದು ಇದನ್ನು ಮುರಿದರು. ಕೆರೆಯ ದಂಡೆಯ ಸಂಜೆ ಎಷ್ಟೇ ಚೆಲುವಾಗಿದ್ದರೂ, ನೀರು ಹೊತ್ತು ತಂದವರು ಯಾರು ಎಂಬ ಪ್ರಶ್ನೆ ಆ ಚೆಲುವಿನ ಜೊತೆಗೇ ಇರುತ್ತದೆ.

1880ರ ದಶಕದ ಕೊನೆಗೆ ರೈಲು ಬಂತು. ಧಾರವಾಡದಿಂದ ಅಳ್ನಾವರ, ಲೋಂಡಾ, ಖಾನಾಪುರಗಳ ಮೇಲೆ ಹಾಯ್ದು ಬೆಳಗಾವಿಗೆ ಹೋಯಿತು. ಕಿತ್ತೂರು ಹಾದಿಯಿಂದ ಆಚೆ ಉಳಿಯಿತು. ಆದುದರಿಂದ ಈ ಕಡೆ ಬಂಡಿಯ ಬಾಳು ಇನ್ನಷ್ಟು ವರ್ಷ ನಡೆಯಿತು. ಅದನ್ನು ನಿಲ್ಲಿಸಿದ್ದು ಮೋಟಾರು ಬಸ್ಸು. ಮೂರು ದಿನದ ಹಾದಿ ಮೂರು ತಾಸಿನದಾಯಿತು. ಬಾಣಂತಿಗೆ, ರೋಗಿಗೆ, ಸಂತೆಗೆ ಹೋಗುವವನಿಗೆ ಇದರಿಂದಾದ ಅನುಕೂಲ ಸಣ್ಣದಲ್ಲ. ಆದರೆ ಬಸ್ಸು ಕೆರೆಯ ದಂಡೆಯಲ್ಲಿ ನಿಲ್ಲುವುದಿಲ್ಲ. ನಿಲ್ಲದ ಮೇಲೆ ದಂಡೆಯ ಮೆಟ್ಟಿಲು ಕುಸಿದರೆ ದಾರಿಕಾರನಿಗೇನು? ಹುಣಸೆಯ ಮರ ಕಡಿದರೆ ಅವನಿಗೇನು? ಕೆರೆಯ ನೀರು ಕುಡಿಯುವವರು ಕಡಿಮೆಯಾದಂತೆ ಅದರ ಹೂಳು ತೆಗೆಯುವವರೂ ಕಡಿಮೆಯಾದರು. ಎಷ್ಟೋ ಕಡೆ ಅಂಗಳವೇ ಹೊಲವಾಯಿತು, ನಿವೇಶನವಾಯಿತು. ಇತ್ತ ಸವದತ್ತಿಯ ಹತ್ತಿರ ನವಿಲುತೀರ್ಥದ ಕಂದರದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದಿತು. 1970ರ ದಶಕದ ಮೊದಲಲ್ಲಿ ನೀರು ನಿಂತಿತು. ರೇಣುಕಾಸಾಗರವೆಂದು ಅದರ ಹೆಸರು. ಕೊಡದಲ್ಲಿ ನೀರು ನಿಲ್ಲಿಸಲಾರದೆ ಹೋದವಳ ಹೆಸರು, ಒಂದು ಹೊಳೆಯನ್ನೇ ನಿಲ್ಲಿಸಿದ ಕೆರೆಗೆ! ಹೆಸರಿಟ್ಟವರು ಯೋಚಿಸಿ ಇಟ್ಟರೋ ಇಲ್ಲವೋ, ಚೆನ್ನಾಗಿ ಒದಗಿದೆ. ಅದರ ಅಡಿಯಲ್ಲಿ ಹೊಲಗಳೂ ಮನೆಗಳೂ ಮುಳುಗಿ, ಕೆಲವರು ಗಾಲಿಯ ಮೇಲೆ ಮನೆಯಿಟ್ಟುಕೊಂಡು ಹೊರಟದ್ದು ಸಂತೋಷದ ಪ್ರವಾಸವಾಗಿರಲಿಲ್ಲವೆಂಬುದೂ ಅಷ್ಟೇ ನಿಜ.

ಇಂಥ ವಿಶಾಲವಾದ ನೀರನ್ನು ಕಂಡಾಗ, ಮೋಟಾರು ಮನೆಯಲ್ಲಿ ಬರುವ ಜೋಡಿಗಳಿಗೆ ಇದಕ್ಕಿಂತ ಒಳ್ಳೆಯ ಸ್ಥಳ ಬೇರೆ ಬೇಕೆ ಎನ್ನಿಸುತ್ತದೆ. ಬರಲಿ. ಆದರೆ ಅವರ ವಾಹನದ ಹೊಟ್ಟೆಯಲ್ಲಿ ಎರಡು ತೊಟ್ಟಿಗಳಿರುತ್ತವೆ; ಒಂದು ಒಳ್ಳೆಯ ನೀ­ರಿನದು, ಇನ್ನೊಂದು ಬಳಸಿದ ಹೊಲಸು ನೀರಿನದು. ಎರಡನೆಯದನ್ನು ಎಲ್ಲಿ ಬಿಡಬೇಕೆಂಬುದಕ್ಕೆ ಅಮೆರಿಕೆಯ ಬೀಡುಗಳಲ್ಲಿ ಮೊದಲೇ ಏರ್ಪಾಡಿರುತ್ತದೆ. ನಮ್ಮಲ್ಲಿ ರಸ್ತೆಯನ್ನೂ ವಾಹನವನ್ನೂ ಮೊದಲು ತಂದು ಆ ಏರ್ಪಾಡನ್ನು ಆಮೇಲೆ ಯೋಚಿಸಿದರೆ, ಆ ನೀರು ಎಲ್ಲಿಗೆ ಹೋಗುವುದೆಂದು ನಾನು ಹೇಳಬೇಕಾಗಿಲ್ಲ. ಹುಬ್ಬಳ್ಳಿ ಧಾರವಾಡದ ನಲ್ಲಿಗಳಲ್ಲಿ ನೀವು ಕುಡಿಯುವುದು ಇದೇ ಸಾಗರದ ನೀರು.

ಜಾತ್ರೆಗೆ ಇಂದಿಗೂ ಚಕ್ಕಡಿಗಳು ಬರುತ್ತವೆ. ಹೆಚ್ಚಿನವಕ್ಕೆ ರಬ್ಬರಿನ ಗಾಲಿ. ಅವುಗಳಿಗಿಂತ ಹೆಚ್ಚು ಟ್ರ್ಯಾಕ್ಟರುಗಳು, ಹಿಂದಿನ ಡಬ್ಬಿಗೆ ತಾಡಪತ್ರಿಯ ಕಮಾನು. ಒಳಗೆ ಅದೇ ಕಣಿಕೆ, ಅದೇ ಜಮಖಾನೆ. ಗುಡ್ಡದ ಬಯಲಿನಲ್ಲಿ ಸಂಜೆಗೆ ಮೂರು ಕಲ್ಲಿನ ಒಲೆಗಳು ಸಾಲಾಗಿ ಉರಿಯುವಾಗ ಹೋಗಿ ನೋಡಿರಿ. ಪಡಲಿಗೆ ತುಂಬಿಸಿ, ದರ್ಶನ ಮಾಡಿ, ಹರಕೆ ತೀರಿದ ಮೇಲೆ ನೇರವಾಗಿ ಊರಿಗೆ ಹೋಗಬಹುದಲ್ಲ; ಹೋಗುವುದಿಲ್ಲ. ಹಿಂದೆ ಬಂಡಿಯವರು ಮರಳುವಾಗ ಬಂದದ್ದಕ್ಕಿಂತ ಒಂದು ಬೀಡು ಹೆಚ್ಚಿಗೆ ಮಾಡಿದರೆ, "ಎತ್ತು ದಣಿದಾವ" ಎಂದು ಮನೆಯಲ್ಲಿ ಹೇಳಿದರಾಯಿತು. ಟ್ರ್ಯಾಕ್ಟರಿಗೆ ಆ ನೆಪ ನಡೆಯದು. ಈಗಿನವರು ಏನು ಹೇಳುತ್ತಾರೋ ಅವರನ್ನೇ ಕೇಳಬೇಕು.